ಭಟ್ಟಿ ಕಾಕಾ ಕುಂಬಳಕಾಯಿಗೆ ಸೋತದ್ದು

ಮಹಾರಾಷ್ಟ್ರದ ರಾಂಜಣಗಾಂವದ ನಮ್ಮ ಓಣಿಯ ಬೇಕರಿಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದವನು ನಮ್ಮ ಬೀದರ ಕಡೆಯವನೇ. ನನಗಿಂತ ಚಿಕ್ಕವನಾದರೂ, ಓಣಿಗೆಲ್ಲ ಕಾಕಾ ಆದವನು ನನಗೂ ಕಾಕಾನೇ. ದೀಪಾವಳಿ ಬಂತೆಂದರೆ ಹೆಂಗಸರು ಮನೆಯಲ್ಲಿ ನಾನಕಟಾಯಿ ಬಿಸ್ಕೀಟಿನ ಹಿಟ್ಟು ಕಲಸಿ, ಭಟ್ಟಿಯಲ್ಲಿ ಬೇಯಿಸಿಕೊಳ್ಳಲು ಡಬ್ಬಿ ಹಿಡಿದು ಅವನ ಮುಂದೆ ಪಾಳಿ ಹಚ್ಚುತ್ತಿದ್ದರು. ಅವನು ಹಿಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುವನು. ಬೆರಳಿಗೆ ಅಂಟಿದರೆ, "ನಡೀರಿ ಮನೀಗೆ!" ಯಾರ ತಿನಿಸನ್ನೂ ಒಂದು ಚೂರು ಬಾಯಿಗೆ ಹಾಕಿದವನಲ್ಲ.

ನನ್ನನ್ನು ಆಯಿ ಎಂದು ಕರೆಯುವ ಮೊಮ್ಮಗಳು ಬಾಗಿಲ ಮುಂದೆ ತಾನೇ ಬೆಳೆದ ಕುಂಬಳಕಾಯಿ ತುರಿದು, ಸಜ್ಜೆ ಹಿಟ್ಟು, ಬೆಲ್ಲ ಹಾಕಿ ಕಲಸಿದಳು. ಹಬ್ಬಕ್ಕೆ ಇದನ್ನೇ ತಿನ್ನಿಸುತ್ತೇನೆಂದು ಓಣಿಗೆಲ್ಲ ಹೇಳಿಬಿಟ್ಟಿದ್ದಳು. ಕಾಕಾನ ಬೆರಳು ಆ ಹಿಟ್ಟಿನಲ್ಲಿ ಹೂತೇ ಹೋಯಿತು.

"ನಡೀರಿ ಮನೀಗೆ! ಇದು ನನ್ನ ಟ್ರೇಗೆ ಹತ್ತಿ ಕೂಡ್ತದವ್ವಾ."

ಪಾಳಿಯವರು ನಕ್ಕರು. ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅವಳು ಮಾತ್ರ ಮನೆಗೆ ಓಡಿ, ಕುಂಡದ ಅರಿಷಿಣದ ಎಲೆ ಕಿತ್ತು ತಂದು, ಒಂದೊಂದರ ಮೇಲೂ ಹಿಟ್ಟು ತಟ್ಟಿದಳು.

"ಈಗ ಹತ್ತಂಗಿಲ್ಲ ಕಾಕಾ. ಇಡ್ರಿ."

ಅವನು ಗೊಣಗುತ್ತಲೇ ಒಳಗೆ ತಳ್ಳಿದ. ಸ್ವಲ್ಪ ಹೊತ್ತಿಗೆ ಓಣಿಯೆಲ್ಲ ಘಮಘಮ! ಟ್ರೇ ಹೊರಗೆಳೆದು, ಎಲೆ ಬಿಡಿಸಿ, ಒಂದನ್ನು ಮುರಿದು ಬಾಯಿಗೆ ಹಾಕಿದ. ಮತ್ತೊಂದನ್ನೂ ಹಾಕಿದ. ಮೂರನೆಯದಕ್ಕೆ ಕೈ ಹೋದಾಗ ನಾನು ತಡೆಯಲಾರದೆ, "ಕಾಕಾ, ಓಣಿಯವರಿಗೂ ಒಂದೀಟು ಬಿಡ್ರೀ!" ಎಂದೆ.

ಅವನು ತುಂಬಿದ ಬಾಯಿಯಲ್ಲೇ ಪಾಳಿಯ ಕಡೆ ತಿರುಗಿ ಕೂಗಿದ: "ನಿಮ್ಮದೆಲ್ಲ ಆಮ್ಯಾಲೆ. ಮೊದಲ ಈ ಹುಡುಗೀದು ಇನ್ನೊಂದು ಟ್ರೇ!"

ಪಾಳಿಯಲ್ಲಿ ಗುರುತಿಲ್ಲದವರ ಕೈಯನ್ನೂ ಹಿಡಿಹಿಡಿದು ಹೇಳಿದೆ: "ಇಕಿ ಆಯಿ ನಾನ್ರೀ, ನಾನು!"