ಭೂಮಿಕ ಆಡಿದ ಮಾತು

ಶಕುನ, ಮುನ್ಸೂಚನೆ ಇವನ್ನೆಲ್ಲ ನಾನು ನಂಬಿದವನಲ್ಲ. ಸಹೋದ್ಯೋಗಿಗಳು ಅಂಥ ಕಥೆ ಶುರು ಮಾಡಿದರೆ ಮೊದಲು ನಗುತ್ತಿದ್ದವನು ನಾನೇ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ಅಷ್ಟೆ.

ಆರು ವರ್ಷಗಳ ಹಿಂದೆ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕನಾಗಿದ್ದೆ. ಮಗಳ ಹೈಸ್ಕೂಲಿಗಾಗಿ ಹೆಂಡತಿ ಗಿರಿಜಾ ಚನ್ನಗಿರಿಯಲ್ಲೇ ಉಳಿದಿದ್ದಳು. ನಾನು ಜಗಳೂರಿನಲ್ಲಿ ರೂಮು ಮಾಡಿಕೊಂಡು, ಶನಿವಾರ ಬೆಳಗಿನ ಶಾಲೆ ಮುಗಿದ ಕೂಡಲೇ ಬಸ್ಸು ಹತ್ತುತ್ತಿದ್ದೆ. ನ್ಯಾಮತಿ ಕಡೆಯವಳಾದ ಗಿರಿಜಾ ಮದುವೆಯಾದ ದಿನದಿಂದಲೂ ನನ್ನನ್ನು ‘ಮೇಷ್ಟ್ರೇ’ ಎಂದೇ ಕರೆಯುತ್ತಿದ್ದಳು. ಶಾಲೆಯ ಮಕ್ಕಳಿಗೆ ನಾನು ‘ಸಾರ್’.

ನನಗೆ ಚಿತ್ರ ಬಿಡಿಸುವ ಹುಚ್ಚು. ಶಾಲೆಯ ಗೋಡೆಗಳ ಮೇಲಿನ ಹಣ್ಣು, ಹಕ್ಕಿ, ಕಾಗುಣಿತ ಎಲ್ಲ ನನ್ನ ಕೈಯವೇ. ಆ ಶನಿವಾರ ಹೊರಗೋಡೆಯಲ್ಲಿ ನವಿಲೊಂದು ಅರ್ಧಕ್ಕೆ ನಿಂತಿತ್ತು. ಮುಗಿಸಿಯೇ ಹೋಗೋಣ ಅನ್ನಿಸಿತು. ಸಂಜೆ ಬಸ್ಸಿಗೆ ಬರುತ್ತೇನೆಂದು ಗಿರಿಜಾಗೆ ಫೋನ್ ಮಾಡಿದೆ. “ನಿಮಗೆ ಆ ಗೋಡೆನೇ ಹೆಚ್ಚಾತು ಬಿಡ್ರಿ” ಎಂದು ನಕ್ಕಳು. ಫೋನನ್ನು ಒಳಗೆ ಬ್ಯಾಗಿನಲ್ಲಿಟ್ಟು ಬಂದೆ.

ಮಕ್ಕಳೆಲ್ಲ ಹೋಗಿಯಾಗಿತ್ತು. ಹನ್ನೆರಡರ ಸುಮಾರಿಗೆ ಬೆನ್ನ ಹಿಂದೆ ಯಾರೋ ನಿಂತಂತಾಯಿತು. ಒಂದನೇ ತರಗತಿಯ ಭೂಮಿಕ. ಕುರಿ ಸಾಕುವವರ ಮಗಳು. ಶಾಲೆಗೆ ಸೇರಿ ಎಂಟು ತಿಂಗಳಾಗಿದ್ದರೂ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು. ಅವಳು ನನ್ನನ್ನೇ ನೋಡುತ್ತ, ದೊಡ್ಡವರ ಧಾಟಿಯಲ್ಲಿ, “ಮೇಷ್ಟ್ರೇ, ಸಾಕು ಮಾಡ್ರಿ. ಮನೆಗೆ ಬರ್ರಿ” ಎಂದಳು.

ನನಗೆ ಭಯವಾಗಲಿಲ್ಲ, ಖುಷಿಯಾಯಿತು. ಮಗು ಮಾತಾಡಿತಲ್ಲ! “ಇನ್ನೊಂದ್ಸಲ ಹೇಳವ್ವಾ” ಎಂದೆ. ಅವಳು ತಿರುಗಿ ಓಡಿದಳು. ‘ಮೇಷ್ಟ್ರೇ’ ಎಂದದ್ದು ಎದೆಯಲ್ಲಿ ಎಲ್ಲೋ ಚುಚ್ಚಿದ್ದು ನಿಜ. ಆದರೂ ಕುಂಚ ಕೆಳಗಿಡಲಿಲ್ಲ.

ಐದು ಗಂಟೆಗೆ ಕೈ ತೊಳೆದು ಫೋನ್ ನೋಡಿದರೆ ಮಗಳ ಕರೆಗಳ ಸಾಲು. ಒಂದೂವರೆಗೆ ಗಿರಿಜಾ ಅಡುಗೆಮನೆಯಲ್ಲಿ ಕುಸಿದು ಬಿದ್ದಿದ್ದಳು. ಆಸ್ಪತ್ರೆಯಲ್ಲಿ ನಾಲ್ಕರವರೆಗೂ ಎಚ್ಚರವಿತ್ತಂತೆ. ನಾನು ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. “ಮೇಷ್ಟ್ರು ಬಂದ್ರಾ, ಮೇಷ್ಟ್ರು ಬಂದ್ರಾ ಅಂತ ಕೇಳ್ತಾನೇ ಇದ್ಲಪ್ಪಾ” ಎಂದು ಮಗಳು ಅತ್ತಳು. ಹನ್ನೆರಡಕ್ಕೇ ಹೊರಟಿದ್ದರೆ ಮೂರೂವರೆಯೊಳಗೆ ನಾನು ಅವಳ ಪಕ್ಕದಲ್ಲಿರುತ್ತಿದ್ದೆ.

ಕಾರ್ಯವೆಲ್ಲ ಮುಗಿಸಿ ಶಾಲೆಗೆ ಮರಳಿದ ಮೇಲೆ ಭೂಮಿಕಳ ತಾಯಿಯನ್ನು ಕರೆಸಿ ಕೇಳಿದೆ. “ಅಯ್ಯೋ ಸಾರ್, ಇವಳು ಮನೆಯಾಗೇ ನಾಕು ಮಾತು ಆಡಾಕೆ ಒಲ್ಲಳು. ನಾವೆಲ್ಲ ಸಾರ್ ಅಂತೀವಿ, ಮೇಷ್ಟ್ರೇ ಅನ್ನೋದು ಇವಳಿಗೆ ಹೆಂಗೆ ಗೊತ್ತಾತು?” ಎಂದಳು. ಮಗುವನ್ನು ಕೇಳಿದೆ. ತಾಯಿಯ ಸೆರಗಿನ ಹಿಂದೆ ಸರಿದುಕೊಂಡಿತು. ಮುಂದೆ ಸ್ವಲ್ಪ ದಿನಕ್ಕೆ ಅವರು ಕುರಿ ಹೊಡೆದುಕೊಂಡು ಬೇರೆ ಸೀಮೆಗೆ ಹೋದರು.

ಬಿಸಿಲಿಗೆ ನನ್ನ ಕಿವಿಯೇ ಮೋಸ ಮಾಡಿತೇ? ಆ ಮಾತು ಬಂದ ಗಳಿಗೆಯಲ್ಲಿ ಗಿರಿಜಾ ಗಟ್ಟಿಮುಟ್ಟಾಗಿದ್ದಳಲ್ಲ, ಮತ್ತೆ ಕರೆದವರು ಯಾರು? ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ.

ಸುದ್ದಿ ತಡವಾಗಿ ಮುಟ್ಟಿದ್ದರಿಂದ ಅಪ್ಪನಿಗೆ ಬರಲಾಗಲಿಲ್ಲ ಎಂದೇ ಮಗಳು ಇವತ್ತಿಗೂ ನಂಬಿದ್ದಾಳೆ. ಭೂಮಿಕ ಆಡಿದ ಮಾತನ್ನು ನಾನು ಅವಳಿಗೆ ಹೇಳಿಲ್ಲ. ನೆಂಟರು ಏನಾದರೂ ಅಂದರೆ ನನ್ನ ಪರವಾಗಿ ಜಗಳಕ್ಕೇ ನಿಲ್ಲುತ್ತಾಳೆ. ಅಂಥ ಹೊತ್ತಿನಲ್ಲಿ ನಾನು ಎದ್ದು ಹೊರಗೆ ಹೋಗಿಬಿಡುತ್ತೇನೆ.