ಹುಮನಾಬಾದ್ ಬಸ್ಸಿನಲ್ಲಿ ಇಷ್ಟಲಿಂಗ

ಕಳೆದ ವರ್ಷ ಜೂನ್ ತಿಂಗಳ ಎರಡನೇ ಸೋಮವಾರ ನಾನು ಕುಂದಾಪುರದಿಂದ ಬಸವಕಲ್ಯಾಣಕ್ಕೆ ಬಂದು ಇಳಿದೆ. ಪತ್ರಿಕೆಯೊಂದರ ವರದಿಗಾರನಾಗಿ ಇಲ್ಲಿಗೆ ವರ್ಗವಾಗಿತ್ತು. ಬಾಡಿಗೆಗೆ ಗೊತ್ತುಮಾಡಿದ್ದ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಎಡಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಕುಳಿತಿದ್ದರು. ಅಂಗೈ ಮೇಲೆ ಕಪ್ಪು ಲಿಂಗ. ನಮಸ್ಕಾರ ಎಂದೆ. ಉತ್ತರವಿಲ್ಲ. ಮತ್ತೊಮ್ಮೆ ಎಂದೆ. ರೆಪ್ಪೆಯೂ ಅಲುಗಲಿಲ್ಲ. ಹೊರಗೆ ಸೂಟ್‌ಕೇಸಿನ ಮೇಲೆ ಕುಳಿತು, ಬರಬಾರದ ಊರಿಗೆ ಬಂದೆ ಅಂದುಕೊಂಡೆ.

ಪೂಜೆ ಮುಗಿಸಿ, ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಅವರು ಹೊರಬಂದರು. ಮನೆಯ ಒಡತಿ, ಹೆಸರು ಗುರಮ್ಮ.

“ಸಿಟ್ಟಾದ್ರೇನ್ರಿ ತಮ್ಮಾ? ಪೂಜಿಗಿ ಕುಂತಾಗ ಮಾತಾಡಂಗಿಲ್ಲ. ನಿಮ್ಮ ಖೋಲಿ ಮ್ಯಾಲ ಅದ. ಒಂದೇ ಮಾತು, ಮೀನಿನ ವಾಸನಿ ಬಂತಂದ್ರ ನಿಮ್ಮ ಗಂಟು ರಸ್ತಾದಾಗ.” ಖೋಲಿ ಎಂದರೆ ಕೋಣೆ.

ಒಳಗಿನಿಂದ ಅವರ ಗಂಡ ರೇವಣಪ್ಪ ನಕ್ಕರು. “ಹೆದರಬ್ಯಾಡ್ರಿ. ನನ್ನ ಗಂಟೂ ಭಾಳ ಸಲ ರಸ್ತಾಕ್ಕ ಹೋಗ್ಯಾದ, ತಿರುಗಿ ಬಂದದ.”

ರೇವಣಪ್ಪ ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಒಂದು ಗಂಟೆಯ ದಾರಿ, ದಿನವೂ ಬಸ್ಸು. ಅವರಿಗೆ ಮಕ್ಕಳಿರಲಿಲ್ಲ.

ನಮ್ಮ ಕಡೆ ಈ ತಿಂಗಳಲ್ಲಿ ಹಂಚಿನ ಮೇಲಿನ ಮಳೆಗೆ ಮಾತು ಕೇಳಿಸುವುದಿಲ್ಲ. ಇಲ್ಲಿ ಜನ ತೊಗರಿ ಬಿತ್ತಲು ಮೋಡ ನೋಡುತ್ತ ಕುಳಿತಿದ್ದರು. ಗಂಜಿ ಕುಡಿದು ಬೆಳೆದ ನನಗೆ ಜೋಳದ ಖಡಕ್ ರೊಟ್ಟಿ ಒಸಡು ಕೊರೆಯಿತು. ಎಲ್ಲಿ ಹೋದರೂ “ಸಬೂರ್ ಮಾಡ್ರಿ” ಎನ್ನುತ್ತಿದ್ದರು. ತಾಳಿಕೊಳ್ಳಿ ಎಂದರ್ಥ. ಗ್ಯಾಸಿನ ಅಂಗಡಿಯಲ್ಲಿ, ತಹಶೀಲ್ ಕಚೇರಿಯಲ್ಲಿ ಅದೇ ಮಾತು. ದೀಪಾವಳಿಯ ಹೊತ್ತಿಗೆ ರೊಟ್ಟಿ ಸದ್ದಿಲ್ಲದೆ ಮುರಿಯಲು ಕಲಿತೆ. ಗುರಮ್ಮ ಅದನ್ನು ಓಣಿಗೆಲ್ಲ ಹೇಳಿದರು.

ನಮ್ಮಲ್ಲಿ ದೇವರನ್ನು ಕಾಣಲು ದೇವಸ್ಥಾನಕ್ಕೆ ಹೋಗುತ್ತೇವೆ. ಈ ಮನೆಯಲ್ಲಿ ದೇವರು ಮೈಮೇಲೇ ಇದ್ದ. ಗುರು ಕೊಟ್ಟ ಇಷ್ಟಲಿಂಗ ಮೈಯಿಂದ ದೂರವಾಗಬಾರದು, ಅದನ್ನು ಪೂಜಿಸದೆ ಉಣ್ಣಬಾರದು, ಒಬ್ಬರದನ್ನು ಇನ್ನೊಬ್ಬರು ಪೂಜಿಸಬಾರದು. ಗಂಡ ಹೆಂಡತಿ ಇಬ್ಬರೂ ಇದನ್ನು ಮೀರಿದವರಲ್ಲ.

ಈ ವರ್ಷ ಸಂಕ್ರಾಂತಿಯ ಮರುವಾರ ರೇವಣಪ್ಪ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಕುಸಿದುಬಿದ್ದರು. ಮಿದುಳಿನಲ್ಲಿ ರಕ್ತಸ್ರಾವ. ಅಲ್ಲಿನ ಖಾಸಗಿ ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಒಯ್ಯುವಾಗ ಮೈಮೇಲಿನದೆಲ್ಲ ತೆಗೆದು ಗುರಮ್ಮನ ಕೈಗೆ ಕೊಟ್ಟರು. ಕರಡಿಗೆಯೂ ಅದರಲ್ಲಿತ್ತು. ಐಸಿಯುನಲ್ಲಿ ಅದನ್ನು ಮತ್ತೆ ಕಟ್ಟಲು ಬಿಡಲಿಲ್ಲ. ಪ್ರಜ್ಞೆ ಬರಲಿಲ್ಲ. ಮೂಗಿನ ನಳಿಕೆಯಿಂದ ಆಹಾರ.

ಲಿಂಗ ಮುಟ್ಟದೆ ಗಂಡ ಉಣ್ಣುತ್ತಿದ್ದಾರೆ ಎಂಬುದು ಗುರಮ್ಮನನ್ನು ಕಾಯಿಲೆಯಷ್ಟೇ ಕಾಡಿತು. ಬೆಳಿಗ್ಗೆ ಸ್ವಲ್ಪ ಹೊತ್ತು ಒಳಗೆ ಬಿಡುತ್ತಿದ್ದರು. ಆಗ ಕರಡಿಗೆ ಬಿಚ್ಚಿ, ಗಂಡನ ಎಡ ಅಂಗೈ ಅಗಲಿಸಿ, ಲಿಂಗವಿಟ್ಟು ವಿಭೂತಿ ಹಚ್ಚುವರು. ಅದಾದ ಮೇಲೇ ತಾವು ಒಂದು ರೊಟ್ಟಿ ತಿನ್ನುವರು. ದಿನವೂ ಬಸವಕಲ್ಯಾಣದಿಂದ ಮೊದಲ ಬಸ್ಸು.

ಮೈದುನ ಸೋಮನಾಥನಿಗೆ ಇದು ಹುಚ್ಚಾಟವೆನಿಸಿತು. “ವೈನಿ, ಅಣ್ಣಗ ಖಬರೇ ಇಲ್ಲ. ಮನ್ಯಾಗ ನೀವೇ ಪೂಜಿ ಮಾಡ್ರಿ. ದಿನಾ ಯಾಕ ಓಡಾಡಾಕತ್ತೀರಿ? ನೀವೂ ಬಿದ್ರ ಯಾರು ನೋಡೋರು?”

“ಅವರ ಲಿಂಗ ನನ್ನ ಅಂಗೈಮ್ಯಾಲ ಹ್ಯಾಂಗ ಇಟ್ಕೊಳ್ಳಲೋ? ಅವರಿಗಿ ಖಬರಿಲ್ಲ. ದೇವರಿಗಿ ಅದ.”

“ದೇವರಿಗಿ ಖಬರಿದ್ರ ಇಷ್ಟು ದಿನ ಮಲಗಿಸ್ತಿದ್ನೇನ್ರಿ?”

ಗುರಮ್ಮ ಎದ್ದರು. ಚೀಲ ಎತ್ತಿಕೊಂಡರು.

ಮಾರ್ಚಿನಲ್ಲಿ ಒಂದು ದಿನ ಬಸ್ಸು ಕೆಟ್ಟು ನಿಂತಿತು. ನಾನು ಬೈಕಿನಲ್ಲಿ ಕರೆದೊಯ್ದರೂ ತಡವಾಯಿತು. ಚಿಟಗುಪ್ಪದ ನರ್ಸ್ ಒಬ್ಬಳು ಗುರಮ್ಮ ಬರಲೆಂದು ರೇವಣಪ್ಪನ ಆಹಾರ ತಡೆದಿಟ್ಟಿದ್ದಳು. ಅದಕ್ಕೆ ವೈದ್ಯರು ಅವಳನ್ನು ಬೈಯುತ್ತಿದ್ದರು. ಗುರಮ್ಮ ನಡುವೆ ಹೋಗಿ ನಿಂತರು.

“ಆಕಿಗಿ ಬೈಬ್ಯಾಡ್ರಿ ಸಾಹೇಬ್ರ. ತಾಯೀ, ಇನ್ನ ಮ್ಯಾಲ ನನ್ನ ದಾರಿ ನೋಡಬ್ಯಾಡ. ಹೊತ್ತಾತು ಅಂದ್ರ ಉಣಿಸು. ಅವರು ಉಣ್ಣಲಿ. ಉಪಾಸ ನಾ ಇರ್ತೀನಿ.”

ಅಂದಿನಿಂದ ತಡವಾದ ದಿನಗಳಲ್ಲಿ ಅವರು ಇಡೀ ದಿನ ಉಣ್ಣಲಿಲ್ಲ. ವಾಪಸ್ಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕುಳಿತಿರುತ್ತಿದ್ದರು. ಹೀಗೆ ಎಷ್ಟು ದಿನ ಎಂದು ಒಮ್ಮೆ ಜೊತೆಗೆ ಹೋದಾಗ ಕೇಳಿದೆ. “ಕಾಯ್ರಿ ಅಂದ್ರ ಕಾಯೋದು ತಮ್ಮಾ. ಕರಾರು ಹಾಕೋದು ನಮ್ಮ ಕೆಲಸ ಅಲ್ಲ” ಎಂದರು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು.

ಒಂದು ಬೆಳಿಗ್ಗೆ ರೇವಣಪ್ಪನ ಬೆರಳುಗಳು ಲಿಂಗದ ಸುತ್ತ ಮಡಚಿಕೊಂಡವು. ಅಂದು ಜೊತೆಗೆ ಹೋಗಿದ್ದ ನಾನೂ ನೋಡಿದೆ. ಅದು ನರಗಳ ಸಹಜ ಪ್ರತಿಕ್ರಿಯೆ, ಸುಧಾರಣೆಯಲ್ಲ ಎಂದು ವೈದ್ಯರು ಹೇಳಿದರು. ಗುರಮ್ಮ ಅಂದು ಬಸ್ಸಿನಲ್ಲಿ ಕಂಡಕ್ಟರಿಗೂ ಕಲ್ಲುಸಕ್ಕರೆ ಕೊಟ್ಟರು.

ಮೇ ತಿಂಗಳ ಮೊದಲ ಶುಕ್ರವಾರ ಬೆಳಗಿನ ಜಾವ ರೇವಣಪ್ಪ ತೀರಿಕೊಂಡರು.

ನಮ್ಮಲ್ಲಿ ಸುಡುತ್ತಾರೆ. ಇಲ್ಲಿ ಕುಳ್ಳಿರಿಸಿ ಹೂಳುತ್ತಾರೆ. ವಿಧಿ ನಡೆಸಲು ಬಂದ ಅಯ್ಯನವರು ರೇವಣಪ್ಪನ ಎಡ ಅಂಗೈಯಲ್ಲಿ ಲಿಂಗವಿಟ್ಟರು. ನನ್ನ ಕೈಗೂ ಒಂದು ಬಿಲ್ವಪತ್ರೆ ಕೊಟ್ಟರು. ಏನು ಮಾಡಬೇಕೆಂದು ಗೊತ್ತಾಗದೆ ಹಿಡಿದು ನಿಂತೆ. “ಇವರ್ಯಾರ?” ಎಂದು ಯಾರೋ ಕೇಳಿದರು. “ಮನಿಯವರು” ಎಂದ ಸೋಮನಾಥ. ಸಂಜೆ ಕುಂದಾಪುರದಿಂದ ಅಮ್ಮ ಫೋನ್ ಮಾಡಿದಳು. ಮಸಣದಿಂದ ಬಂದವ ಮಿಂದೆಯಾ ಎಂದು ಕೇಳಿದಳು. ನಾನು “ಹೌದ್ರಿ” ಎಂದೆ. “ಇದೆಂತ ಮಾತು ಮಗಾ?” ಎಂದಳು.

ಸೋಮವಾರ ಬೆಳಿಗ್ಗೆ ಗುರಮ್ಮ ತಮ್ಮ ಪೂಜೆ ಮುಗಿಸಿ ಬಸ್ ನಿಲ್ದಾಣಕ್ಕೆ ಹೋದರು. ಹುಮನಾಬಾದಿನ ಮೊದಲ ಬಸ್ಸು ಹೊರಡುವವರೆಗೆ ಅಲ್ಲಿ ಕುಳಿತಿದ್ದು, ಮನೆಗೆ ಬಂದು ರೊಟ್ಟಿ ಬಡಿದರು.