ಕಾಲೊತ್ತುವ ಮೆಷಿನ್ ಮತ್ತು ಕಾಲು ಹಿಡಿಯದ ಗಂಡ

ಮೊನ್ನೆ ಯಳಂದೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಹನೂರಿನ ಹೆಂಗಸೊಬ್ಬರು ಕೂತಿದ್ದರು. ಎದುರು ಸಾಲಿನಲ್ಲಿದ್ದ ಗುರುಸ್ವಾಮಿಯವರ ಕಡೆ ಕಣ್ಣು ಮಾಡಿ, "ಗಂಡ ಅಂದ್ರೆ ಅಂಗಿರ್ಬೇಕು ಕಣಕ್ಕ. ಹೆಂಡ್ತಿಗೆ ಕಾಲ್ ನೋವು ಅಂತ ಮೆಷಿನ್ನೇ ತಂದ್ಕೊಟ್ಟವ್ರಂತೆ" ಎಂದರು. ತಮ್ಮ ಯಜಮಾನರು ಒಂದು ಡಬ್ಬಿ ಮುಲಾಮನ್ನೂ ತಂದವರಲ್ಲವಂತೆ.

ಅಷ್ಟರಲ್ಲಿ ಗುರುಸ್ವಾಮಿಯವರ ಹೆಂಡತಿ ಮಂಗಳ ಕೈ ತೊಳೆಯಲು ಎದ್ದಳು. ಬಲಪಾದವನ್ನು ಹೊರಕ್ಕೆ ತಿರುಗಿಸಿಕೊಂಡು, ಕಾಲೆಳೆಯುತ್ತಾ ನಮ್ಮ ಮುಂದೆಯೇ ಹೋದಳು. ಮಂಗಳ ನನ್ನ ಚಿಕ್ಕಪ್ಪನ ಮಗಳು.

ಆ ಮೆಷಿನ್ನಿನ ಕತೆ ನನಗೆ ಗೊತ್ತು. ನಿಮಗೂ ಹೇಳಿಬಿಡುತ್ತೇನೆ.

ಮಂಗಳಳನ್ನು ಕೊಟ್ಟಿರುವುದು ಧನಗೆರೆಗೆ. ಜಮೀನಿದೆ, ರೇಷ್ಮೆ ಹುಳು ಸಾಕುತ್ತಾರೆ. ಕಳೆದ ವರ್ಷ ಸೊಪ್ಪಿನ ಹೊರೆ ಹೊತ್ತು ಮೆಟ್ಟಿಲಿಳಿಯುವಾಗ ಜಾರಿ ಬಿದ್ದಳು. ಪಾದದ ಗಂಟಿನ ಹತ್ತಿರ ಮೂಳೆ ಮುರಿಯಿತು. ಕೊಳ್ಳೇಗಾಲದಲ್ಲಿ ಪ್ಲಾಸ್ಟರ್ ಹಾಕಿಸಿದರು. ಬಿಚ್ಚಿದಾಗ ಮೂಳೆ ಕೂಡಿತ್ತು, ಪಾದ ಮಾತ್ರ ಮರದ ಹಲಗೆಯಂತೆ ನಿಂತುಬಿಟ್ಟಿತ್ತು. ಮೇಲಕ್ಕೆ ಬಗ್ಗುತ್ತಲೇ ಇರಲಿಲ್ಲ. ಡಾಕ್ಟರು ಫಿಸಿಯೋಥೆರಪಿಗೆ ಕಳಿಸಿದರು. ನಾನಿರುವುದು ಕೊಳ್ಳೇಗಾಲದಲ್ಲೇ ಆದ್ದರಿಂದ ಗಂಡ ಹೆಂಡತಿಯ ಜೊತೆಗೆ ನಾನೂ ಹೋದೆ.

ಫಿಸಿಯೋಥೆರಪಿಸ್ಟ್ ಮೆದು ಮಾತಿನ ಹೆಣ್ಣುಮಗಳು. ಮೊದಲು ಕೈಯಲ್ಲಿ ಹಿಡಿಯುವ ಒಂದು ಮಸಾಜ್ ಮೆಷಿನ್ನಿನಿಂದ ಮೀನಖಂಡವನ್ನು ಗುಂಯ್ ಎಂದು ಅದುರಿಸಿ ಸಡಿಲ ಮಾಡಿದಳು. ಆಮೇಲೆ ಅದನ್ನು ಪಕ್ಕಕ್ಕಿಟ್ಟು, ಮಂಗಳಳ ಹಿಮ್ಮಡಿಯನ್ನು ಒಂದು ಅಂಗೈಯಲ್ಲಿ ಹಿಡಿದು, ಇನ್ನೊಂದರಿಂದ ಪಾದವನ್ನು ನಿಧಾನಕ್ಕೆ ಮೇಲಕ್ಕೆ ದೂಡಿದಳು. ಮಂಗಳ ಹಲ್ಲು ಕಚ್ಚಿಕೊಂಡಳು. ಪಾದ ಚೂರೇ ಚೂರು ಬಗ್ಗಿತು.

"ಮನೇಲಿ ಬೆಳಿಗ್ಗೆ ಸಂಜೆ ಯಾರಾದರೂ ಹೀಗೆ ಮಾಡಬೇಕು ಸರ್. ನೀವೇ ಕಲಿತುಬಿಡಿ. ಬನ್ನಿ, ಇಲ್ಲಿ ಹಿಡಿದು ನೋಡಿ" ಎಂದು ಗುರುಸ್ವಾಮಿಯವರನ್ನು ಕರೆದಳು.

ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಕಿಟಕಿ ಕಡೆ ನೋಡಿದರು. ಆಮೇಲೆ ಆ ಮೆಷಿನ್ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಮೆಷಿನ್ ಮಾಂಸವನ್ನು ಸಡಿಲ ಮಾಡುತ್ತದಷ್ಟೇ, ಗಂಟನ್ನು ಬಗ್ಗಿಸುವುದಿಲ್ಲ, ಅದಕ್ಕೆ ಕೈಯೇ ಬೇಕು ಎಂದು ಆಕೆ ಬಿಡಿಸಿ ಹೇಳಿದಳು. ಹೇಳಿ ಏನು ಬಂತು? ಅವರ ಕಿವಿಗೆ ಬಿದ್ದದ್ದು ಮೆಷಿನ್ ಅನ್ನುವ ಮಾತೊಂದೇ.

ಹೊರಗೆ ಬಂದ ಮೇಲೆ ನಾನೇ ಕೇಳಿದೆ. ಕಲಿಯುವುದಕ್ಕೆ ಏನು ಕಷ್ಟ?

"ಅದೆಂಗಾದದು ಅತ್ಗೆ? ನಾನು ಓಗಿ ಎಂಡ್ತಿ ಕಾಲ್ ಇಡ್ಕಂಡು ಕೂತ್ಕಂಡ್ರೆ ಊರಲ್ಲಿ ಏನಂದಾರು?"

(ತಂಗಿಯ ಗಂಡ. ಬಹುವಚನ ಬಿಡುವಂತಿಲ್ಲ. ಬೈಯುವುದಾದರೂ ಮರ್ಯಾದೆ ಕೊಟ್ಟೇ ಬೈಯಬೇಕು!)

ಮಂಗಳಳನ್ನು ನನ್ನ ಮನೆಗೆ ಕರೆದುಕೊಂಡು ಬಂದೆ. ನಾನು ಕಲಿತೆ. ಬೆಳಿಗ್ಗೆ ಕಾಫಿಗೆ ಮುಂಚೆ ಒಂದು ಸಲ, ದೀಪ ಹಚ್ಚುವ ಹೊತ್ತಿಗೆ ಒಂದು ಸಲ ಅವಳ ಪಾದ ಮಡಿಲಲ್ಲಿಟ್ಟುಕೊಂಡು ದೂಡುತ್ತಿದ್ದೆ. ಅವಳು ಅಳುತ್ತಿದ್ದಳು, ನಡುನಡುವೆ ನಗುತ್ತಿದ್ದಳು, ಬಿಡಬೇಡ ಎನ್ನುತ್ತಿದ್ದಳು. ದಿನ ಕಳೆದಂತೆ ಪಾದ ಮಾತು ಕೇಳತೊಡಗಿತು. ಒಂದು ಬೆಳಿಗ್ಗೆ ಗೋಡೆ ಹಿಡಿಯದೆ ಅಡುಗೆಮನೆಯವರೆಗೆ ನಡೆದು ಬಂದು, ಏನೂ ಆಗದವಳಂತೆ ತರಕಾರಿ ಹೆಚ್ಚಲು ಕೂತಳು. ಇಬ್ಬರೂ ಆ ವಿಷಯ ಎತ್ತಲಿಲ್ಲ. ದೃಷ್ಟಿಯಾದೀತೆಂಬ ಭಯ.

ಆ ವಾರವೇ ಗುರುಸ್ವಾಮಿ ಬಂದರು. ಹುಳು ನಾಲ್ಕನೇ ಜ್ವರಕ್ಕೆ, ಅಂದರೆ ಕೊನೆಯ ಸಲ ಪೊರೆ ಬಿಡುವ ಹಂತಕ್ಕೆ ಬಂದಿದೆ, ಇನ್ನು ಸೊಪ್ಪು ಹಾಕಲು ಮನೆಯಲ್ಲಿ ಹೆಂಗಸಿಲ್ಲದೆ ಆಗುವುದಿಲ್ಲ ಎಂದರು. ಇನ್ನೊಂದು ತಿಂಗಳಾದರೂ ಬಿಡಿ ಎಂದು ನಾನು ಕೇಳಿಕೊಂಡೆ. "ಮೆಷಿನ್ ತಂದಿವ್ನಿ ಅತ್ಗೆ, ದೊಡ್ಡದೇ. ಎರಡ್ ಕಾಲೂ ಒಳಕ್ ಇಟ್ರೆ ಸಾಕು, ಅದೇ ಒತ್ತದೆ" ಎಂದರು. ಮಂಗಳ ನನ್ನ ಮುಖ ನೋಡಿದಳು. ಆಮೇಲೆ ಸೀರೆ ಮಡಚಲು ಒಳಗೆ ಹೋದಳು.

ಹೋದಮೇಲೆ ಅವಳು ಸುಮ್ಮನಿರಲಿಲ್ಲ. ಪಾದಕ್ಕೆ ಟವೆಲ್ ಸುತ್ತಿ ತಾನೇ ಎಳೆದುಕೊಳ್ಳುತ್ತಿದ್ದಳಂತೆ. ಎಳೆಯಲು ಕೂತರೆ ಹಾಲು ಕರೆಯಬೇಕು, ಎದ್ದರೆ ಸೊಪ್ಪು ಹಾಕಬೇಕು. ನೋವಾದ ಕಡೆ ತನ್ನ ಕೈ ತಾನೇ ನಿಂತುಬಿಡುತ್ತದೆ ಎಂದು ಫೋನಿನಲ್ಲಿ ಹೇಳಿದಳು. ಯಾರ ಕೈ ತಾನೆ ನಿಲ್ಲುವುದಿಲ್ಲ?

ಕೆಲವು ತಿಂಗಳ ನಂತರ ಧನಗೆರೆಗೆ ಹೋದೆ. ಮೆಷಿನ್ ಹಾಲ್‌ನಲ್ಲೇ ಇತ್ತು, ಟಿವಿ ಮುಂದೆ. ಅದರೊಳಗೆ ಗುರುಸ್ವಾಮಿಯವರ ಕಾಲುಗಳಿದ್ದವು! ರಾಮಾಪುರದಿಂದ ಬಂದಿದ್ದ ಅವರ ಸ್ನೇಹಿತರೊಬ್ಬರು ಪಕ್ಕದಲ್ಲಿ ಪಂಚೆ ಮೇಲಕ್ಕೆತ್ತಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು. ಹೊಲದಿಂದ ಬಂದವರಿಗೆ ಬಲೇ ಹಿತವಂತೆ. ನನಗೂ ಒಂದು ರೌಂಡ್ ಇಟ್ಟುಕೊಳ್ಳಿ ಎಂಬ ಉಪಚಾರವಾಯಿತು. ಅಷ್ಟರಲ್ಲಿ ಒಳಗಿನಿಂದ ಮಂಗಳ ಕಾಫಿ ತಂದಳು. ಪಾದ ಹೊರಕ್ಕೆ ತಿರುಗಿತ್ತು. ಹೆಜ್ಜೆ ಹೆಜ್ಜೆಗೂ ಲೋಟದಿಂದ ಕಾಫಿ ತಟ್ಟೆಗೆ ತುಳುಕುತ್ತಿತ್ತು.

ಮತ್ತೆ ಅದೇ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದೊಯ್ದೆ. ಪಾದ ಹಿಡಿದು ನೋಡಿದಳು, ಬಹಳ ಹೊತ್ತು ಬಿಡಲಿಲ್ಲ. ಇನ್ನು ಕೈಯಿಂದ ಹೆಚ್ಚೇನೂ ಆಗಲಾರದು, ಆಪರೇಷನ್ ಮಾಡಿದರೂ ಪೂರ್ತಿ ಸರಿಹೋಗುವ ಭರವಸೆ ಇಲ್ಲ ಎಂದಳು. ಮಂಗಳ ಚಪ್ಪಲಿ ಹಾಕಿಕೊಳ್ಳುತ್ತಾ, "ಬುಡಕ್ಕ, ಅಭ್ಯಾಸ ಆಗೋಯ್ತು" ಎಂದಳು. ಅವಳಿಗಿನ್ನೂ ನಲವತ್ತು ತುಂಬಿಲ್ಲ.

ಮೆಷಿನ್ನಿನ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಯಾರ ಕಾಲಿಟ್ಟರೂ ಒತ್ತುತ್ತದೆ. ಗಂಡು ಹೆಣ್ಣು ಅಂತ ನೋಡುವುದಿಲ್ಲ, ಊರು ಏನಂದೀತು ಅಂತ ಕೇಳುವುದಿಲ್ಲ. ಸಿಟ್ಟು ಇರುವುದು ನಮ್ಮ ಮರ್ಯಾದೆಯ ಲೆಕ್ಕಾಚಾರದ ಮೇಲೆ. ವರ್ಗಾವಣೆಗೆ ಕಾಲು ಹಿಡಿಯುತ್ತೇವೆ, ಟಿಕೆಟ್ಟಿಗೆ ಹಿಡಿಯುತ್ತೇವೆ, ಓಟಿಗೆ ಗುರುತಿಲ್ಲದವರ ಕಾಲನ್ನೂ ಹಿಡಿಯುತ್ತೇವೆ. ಆಗೆಲ್ಲ ಹೋಗದ ಮಾನ, ಹೆಂಡತಿಯ ಕಾಲಿನ ಹತ್ತಿರ ಬಂದಾಗಲೇ ಹೋಗುತ್ತದೆಯೇ?

ಆ ದಿನ ಪಂಕ್ತಿಯಲ್ಲಿ ಗುರುಸ್ವಾಮಿಯವರನ್ನು ಒಂದು ಮಾತು ಕೇಳಬೇಕೆನಿಸಿತ್ತು: ಮದುವೆಯ ದಿನ, ಊರೆಲ್ಲ ನೋಡುತ್ತಿರುವಾಗ, ಕಾಲುಂಗುರ ತೊಡಿಸಲು ಅದೇ ಪಾದವನ್ನು ಹಿಡಿದಿದ್ದವರು ಯಾರು ಸ್ವಾಮಿ?